ಮತ್ತೆ ಕಂಡ ನೇಪಾಳ

ಹೊರನಾಡಿನಲ್ಲಿ ನೆಲೆನಿಂತ ನಮ್ಮವರು ರಜೆಯಲ್ಲಿ ಊರಿಗೆ ಹೋಗಿಬಂದ ಮೇಲೆ ಸಂಘದ ಸಭೆಗಳಲ್ಲಿ ಆಡುವ ಮಾತು ಸಾಮಾನ್ಯವಾಗಿ ಒಂದೇ ಧಾಟಿಯದಾಗಿರುತ್ತದೆ. ಊರು ಮೊದಲಿನಂತಿಲ್ಲ, ಕೆರೆ ಮುಚ್ಚಿ ಬಸ್ ನಿಲ್ದಾಣ ಮಾಡಿದ್ದಾರೆ, ಹೆಂಚಿನ ಮನೆಗಳು ಹೋಗಿ ಕಾಂಕ್ರೀಟಿನ ಮಹಡಿಗಳೆದ್ದಿವೆ, ಜನರಲ್ಲಿ ಹಿಂದಿನ ವಿಶ್ವಾಸವಿಲ್ಲ. ಈ ದೂರಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಊರನ್ನು ಬಿಟ್ಟು ಬಂದವನಿಗೆ ಊರು ಬದಲಾಗಬಾರದೆಂದು ಅಪೇಕ್ಷಿಸುವ ಅಧಿಕಾರ ಎಷ್ಟರಮಟ್ಟಿಗಿದೆ, ಬದಲಾವಣೆಯಲ್ಲಿ ಲಾಭ ಯಾವುದು ನಷ್ಟ ಯಾವುದು ಎಂದು ಅಳೆಯುವ ಕೋಲು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಅಪರೂಪ. ಸ್ವಂತ ಊರಿನ ವಿಷಯ ಬಂದಾಗ ಮಮತೆ ವಿಚಾರಕ್ಕೆ ಅಡ್ಡಬರುತ್ತದೆ. ಆದುದರಿಂದ, ಒಂದು ಕಾಲಕ್ಕೆ ನನಗೆ ತೀರ ಪರಿಚಿತವಾಗಿದ್ದ, ಆದರೆ ನನ್ನದಲ್ಲದ ದೇಶವೊಂದರ ಉದಾಹರಣೆಯಿಂದ ಈ ಪ್ರಶ್ನೆಯನ್ನು ಪರಿಶೀಲಿಸಬಯಸುತ್ತೇನೆ. ಆ ದೇಶ ನೇಪಾಳ.

1984ರಿಂದ 1989ರವರೆಗೆ, ಭಾರತೀಯ ನಿರ್ಮಾಣ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದ ನೌಕರನಾಗಿ ನಾನು ಕಾಠ್ಮಂಡು ಕಣಿವೆಯಲ್ಲಿದ್ದೆ. ಬಾಗಮತಿ ನದಿಯ ದಕ್ಷಿಣ ದಂಡೆಯ ಮೇಲಿರುವ ಪಾಟನ್ ಪಟ್ಟಣದಲ್ಲಿ, ನೇವಾರ ಜನಾಂಗಕ್ಕೆ ಸೇರಿದ ಶಾಲಾ ಉಪಾಧ್ಯಾಯರೊಬ್ಬರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆ. ದೆಹಲಿಗೆ ವರ್ಗವಾಗಿ ಬಂದ ಮೇಲೆ ನೌಕರಿ, ಮಕ್ಕಳ ವಿದ್ಯಾಭ್ಯಾಸ, ಸಂಘದ ಕೆಲಸಗಳ ನಡುವೆ ಮತ್ತೆ ಅತ್ತ ಹೋಗುವುದು ಆಗಲೇ ಇಲ್ಲ. 36 ವರ್ಷಗಳ ತರುವಾಯ, 2025ರ ನವೆಂಬರಿನಲ್ಲಿ, ಮೂರು ವಾರ ಅಲ್ಲಿದ್ದು ಬಂದೆ. ನಾನಿಲ್ಲಿ ಬರೆಯುತ್ತಿರುವುದು ಪ್ರವಾಸ ಕಥನವಲ್ಲ. ಕಂಡದ್ದರಿಂದ ಹೊರನಾಡ ಕನ್ನಡಿಗರಾದ ನಾವು ಯೋಚಿಸಬೇಕಾದ ಸಂಗತಿಯೊಂದಿದೆ ಎಂದು ನನಗನ್ನಿಸಿದೆ, ಅದನ್ನಷ್ಟು ಹೇಳಬೇಕಾಗಿದೆ.

ಎಂಬತ್ತರ ದಶಕದ ನೇಪಾಳವನ್ನು ಕಂಡ ಭಾರತೀಯರಿಗೆಲ್ಲ ಅದು ಬಹಳ ಹಿಡಿಸಿದ ದೇಶವಾಗಿತ್ತು. ಪಾಟನ್ನಿಗೂ ಭಕ್ತಪುರಕ್ಕೂ ನಡುವೆ ಆಗ ಗದ್ದೆಗಳಿದ್ದವು. ತ್ರಿಪುರೇಶ್ವರದಿಂದ ಭಕ್ತಪುರದ ಅಂಚಿನ ಸೂರ್ಯವಿನಾಯಕದವರೆಗೆ, ಚೀನಾದ ನೆರವಿನಿಂದ 1975ರಲ್ಲಿ ಆರಂಭವಾದ ಟ್ರಾಲಿ ಬಸ್ಸು ಹೊಗೆಯಿಲ್ಲದೆ, ಸದ್ದಿಲ್ಲದೆ 13 ಕಿಲೋಮೀಟರ್ ಓಡುತ್ತಿತ್ತು. ಚಳಿಗಾಲದ ಬೆಳಗ್ಗೆ ಮಂಜು ಸರಿದ ಮೇಲೆ ಮನೆಯ ಮಾಳಿಗೆಯಿಂದಲೇ ಹಿಮದ ಶಿಖರಗಳು ಕಾಣುತ್ತಿದ್ದವು. ನಮ್ಮ ಗಡಿಯಾರಕ್ಕಿಂತ ಅಲ್ಲಿಯ ಗಡಿಯಾರ ಮೊದಲು 10 ನಿಮಿಷ ಮುಂದಿತ್ತು. 1986ರಿಂದ 15 ನಿಮಿಷ ಮುಂದಾಯಿತು. ಭಾರತದಿಂದ ಬಂದ ಬಂಧುಮಿತ್ರರು ಪಶುಪತಿನಾಥನ ದರ್ಶನ ಮುಗಿಸಿದವರೇ ನ್ಯೂ ರೋಡಿನ ಅಂಗಡಿಗಳಿಗೆ ಧಾವಿಸುತ್ತಿದ್ದರು. ಜಪಾನಿನ ಟೇಪ್ ರೆಕಾರ್ಡರು, ಮಡಚುವ ಕೊಡೆ, ಕೈಗಡಿಯಾರ, ವಿದೇಶಿ ಬಟ್ಟೆ ಇವನ್ನು ಹೊತ್ತು ಗಡಿಯ ಸುಂಕದ ಕಟ್ಟೆಯನ್ನು ಹೇಗೆ ದಾಟಬೇಕೆಂಬುದೇ ಅವರ ಮುಖ್ಯ ಚಿಂತೆ. 1991ರಲ್ಲಿ ನಮ್ಮ ಆರ್ಥಿಕ ನೀತಿ ಬದಲಾದ ಮೇಲೆ ಆ ಆಕರ್ಷಣೆ ತಾನಾಗಿಯೇ ಕರಗಿಹೋಯಿತು. ಅಂದು ಹಾಗೆ ಬಂದವರು ಇಂದಿಗೂ ನೇಪಾಳವೆಂದರೆ ಹೇಳುವ ಮಾತು ಇದು: ಎಂಥ ಶಾಂತ ದೇಶ! ಎಷ್ಟು ಸೌಮ್ಯ ಜನ!

ಆ ಶಾಂತಿ ಎಂಥದೆಂಬುದನ್ನು ವಿಚಾರಿಸಬೇಕು. 1960ರಲ್ಲಿ ಮಹೇಂದ್ರ ಮಹಾರಾಜರು ಚುನಾಯಿತ ಸರಕಾರವನ್ನು ವಜಾ ಮಾಡಿ, ರಾಜಕೀಯ ಪಕ್ಷಗಳನ್ನು ನಿಷೇಧಿಸಿ, ಪಕ್ಷರಹಿತ ಪಂಚಾಯತ್ ವ್ಯವಸ್ಥೆಯನ್ನು ಹೇರಿದ್ದರು. ಅವರ ಮಗ ಬೀರೇಂದ್ರರ ಕಾಲದಲ್ಲಿ, 1980ರಲ್ಲಿ, ಆ ವ್ಯವಸ್ಥೆ ಇರಬೇಕೆ ಬೇಡವೆ ಎಂದು ಜನಮತ ಕೇಳಿದಾಗ ಶೇಕಡಾ 55ರಷ್ಟು ಮತಗಳು ಇರಲಿ ಎಂದೂ ಉಳಿದವು ಬೇಡವೆಂದೂ ಬಿದ್ದವು. ಬೇಡವೆಂದ ಆ ಶೇಕಡಾ 45 ಮಂದಿಗೆ ಮುಂದೆ ಹತ್ತು ವರ್ಷ ಬಾಯಿಯಿರಲಿಲ್ಲ. ಪ್ರತಿ ಅಂಗಡಿಯ ಗೋಡೆಯ ಮೇಲೂ ರಾಜರಾಣಿಯರ ಚಿತ್ರ. ದರ್ಬಾರ್ ಮಾರ್ಗದ ತುದಿಯಲ್ಲಿರುವ ನಾರಾಯಣಹಿತಿ ಅರಮನೆಯ ಮುಂದೆ ಹಾದುಹೋಗುವಾಗ ಜನ ದನಿ ತಗ್ಗಿಸುತ್ತಿದ್ದರು. ನನ್ನ ಮನೆಯೊಡೆಯ ಮಾಸ್ತರರು ಭಾರತದ ಚುನಾವಣೆಗಳ ವಿಷಯವನ್ನು ತಾಸುಗಟ್ಟಲೆ ಕೇಳಿ ತಿಳಿದುಕೊಳ್ಳುತ್ತಿದ್ದರು; ತಮ್ಮ ದೇಶದ ಪ್ರಸ್ತಾಪ ಬಂದೊಡನೆ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಭಾಷೆಯ ವಿಷಯದಲ್ಲೂ ಹಾಗೆಯೇ. ಒಂದು ದೇಶ, ಒಂದು ಭಾಷೆ, ಒಂದು ಉಡುಪು ಎಂಬುದು ಪಂಚಾಯತ್ ಕಾಲದ ಅಧಿಕೃತ ನಂಬಿಕೆಯಾಗಿತ್ತು. ಕಣಿವೆಯ ಮೂಲನಿವಾಸಿಗಳಾದ ನೇವಾರರ ಭಾಷೆ ನೇಪಾಳಭಾಷೆ. ಶತಮಾನಗಳ ಶಾಸನ, ಕಾವ್ಯ, ನಾಟಕಗಳ ಸಂಪತ್ತು ಅದಕ್ಕಿದೆ. ರಾಣಾ ಪ್ರಧಾನಿಗಳ ಆಳ್ವಿಕೆಯಲ್ಲಿ ಆ ಭಾಷೆಯಲ್ಲಿ ಬರೆದ ಕಾರಣಕ್ಕೆ ಕವಿ ಚಿತ್ತಧರ ಹೃದಯರು 1941ರಲ್ಲಿ ಸೆರೆಮನೆ ಸೇರಿದರು; ಬುದ್ಧನ ಜೀವನವನ್ನು ಕುರಿತ ‘ಸುಗತ ಸೌರಭ’ ಮಹಾಕಾವ್ಯವನ್ನು ಅವರು ರಚಿಸಿದ್ದು ಸೆರೆಮನೆಯಲ್ಲಿಯೇ. 1965ರಲ್ಲಿ ರೇಡಿಯೋ ನೇಪಾಳ ಆ ಭಾಷೆಯ ವಾರ್ತೆಗಳನ್ನು ನಿಲ್ಲಿಸಿತು. ಮಾಸ್ತರರ ಮನೆಯೊಳಗೆ ಎಲ್ಲರೂ ನೇಪಾಳಭಾಷೆಯನ್ನೇ ಆಡುತ್ತಿದ್ದರು. ಆದರೆ ಅವರು ಶಾಲೆಯಲ್ಲಿ ಅದರಲ್ಲಿ ಒಂದಕ್ಷರ ಕಲಿಸುವಂತಿರಲಿಲ್ಲ. ಕನ್ನಡಕ್ಕಾಗಿ ಸಂಘ ಕಟ್ಟಿಕೊಂಡ ನಮಗೆ ಇದರ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಪರನಾಡಿನಲ್ಲಿ ನಮ್ಮ ಭಾಷೆಗೆ ಜಾಗವಿಲ್ಲದಿರುವುದು ಒಂದು ಕಷ್ಟ. ತನ್ನದೇ ಬೀದಿಯಲ್ಲಿ ತನ್ನ ಭಾಷೆಗೆ ಜಾಗವಿಲ್ಲದಿರುವುದು ಇನ್ನೊಂದು ಬಗೆಯದು.

ನಾನು ಅಲ್ಲಿಂದ ಹೊರಟ 1989ರಲ್ಲಿ ಭಾರತದೊಡನೆ ವ್ಯಾಪಾರ ಮತ್ತು ಸಾಗಾಟದ ಒಪ್ಪಂದಗಳು ಮುರಿದುಬಿದ್ದು, ಗಡಿಯ 15 ಸಾಗಾಟ ದ್ವಾರಗಳಲ್ಲಿ ಎರಡನ್ನುಳಿದು ಮಿಕ್ಕವು ಮುಚ್ಚಿದ್ದವು. ಸೀಮೆಎಣ್ಣೆಗಾಗಿ ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಿದ್ದ ಜನರಲ್ಲಿ ಮಾಸ್ತರರ ಮನೆಯವರೂ ಇದ್ದರು. ಮುಂದಿನ ವರ್ಷವೇ ಜನಾಂದೋಲನವೆದ್ದು, 1990ರ ಏಪ್ರಿಲಿನಲ್ಲಿ ಪಕ್ಷಗಳ ಮೇಲಿನ ನಿಷೇಧ ತೆರವಾಯಿತು. ಆಮೇಲಿನದು ದೀರ್ಘ ಯಾತನೆಯ ಚರಿತ್ರೆ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಸಶಸ್ತ್ರ ಹೋರಾಟದಲ್ಲಿ 13,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2001ರ ಜೂನ್ 1ರಂದು ರಾಜ ಬೀರೇಂದ್ರರೂ ಅವರ ಕುಟುಂಬದವರೂ ಅರಮನೆಯಲ್ಲಿಯೇ ಹತರಾದರು. 2008ರ ಮೇ 28ರಂದು ಸಂವಿಧಾನ ಸಭೆ ರಾಜಪ್ರಭುತ್ವವನ್ನು ರದ್ದುಮಾಡಿತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಮಡಿದರು. ಅದೇ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಬಂತು. ಅದರ ಬೆನ್ನಿಗೆ ತರಾಯಿಯ ಮಧೇಸಿ ಜನರ ಪ್ರತಿಭಟನೆ, ಗಡಿಯಲ್ಲಿ ಸುಮಾರು ಐದು ತಿಂಗಳು ಸರಕು ತಡೆ. ಅದು ಭಾರತ ಹಾಕಿದ ದಿಗ್ಬಂಧನವೆಂದು ನೇಪಾಳ ಹೇಳಿತು. ಭಾರತ ಸರಕಾರ ಅದನ್ನು ಒಪ್ಪಲಿಲ್ಲ. ಇಷ್ಟನ್ನು ಒಂದು ಜನಾಂಗ ಒಂದೇ ತಲೆಮಾರಿನೊಳಗೆ ಅನುಭವಿಸಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದಿನ ಕಾಠ್ಮಂಡುವನ್ನು ನೋಡಬೇಕು.

ಮೇಲುನೋಟಕ್ಕೆ ಇಂದಿನ ನಗರ ಬೇಸರ ತರಿಸುವಂತಿದೆ. ಭಕ್ತಪುರದ ದಾರಿಯುದ್ದಕ್ಕೂ ಗದ್ದೆಗಳ ಜಾಗದಲ್ಲಿ ಮನೆಗಳು. ಟ್ರಾಲಿ ಬಸ್ಸು ನಿಂತು ಎಷ್ಟೋ ಕಾಲವಾಯಿತು. ಬಾಗಮತಿಯ ನೀರು ಕಪ್ಪು. ಕಲ್ಲಿನ ಮಕರಮುಖಗಳಿಂದ ನೀರು ಸುರಿಯುತ್ತಿದ್ದ ‘ಹಿತಿ’ಗಳೆಂಬ ಪ್ರಾಚೀನ ಜಲಧಾರೆಗಳಲ್ಲಿ ಅನೇಕವು ಬತ್ತಿವೆ. ಅಂತರ್ಜಲವನ್ನು ಯಂತ್ರದಿಂದ ಎಳೆದದ್ದೂ ಕಟ್ಟಡಗಳ ಅಡಿಪಾಯಗಳು ನೆಲದೊಳಗಿನ ಹಳೆಯ ಕಾಲುವೆಗಳನ್ನು ಕಡಿದದ್ದೂ ಅದಕ್ಕೆ ಕಾರಣ. ಮಾಸ್ತರರ ಮಾಳಿಗೆಗೆ ಹತ್ತಿ ನಿಂತರೆ ಉತ್ತರದಲ್ಲಿ ಕಾಣುವುದು ಎದುರು ಮನೆಯ ನೀರಿನ ಟಾಂಕಿ.

ಆದರೆ ಗದ್ದೆಗಳಲ್ಲಿ ಮನೆಗಳು ಏಕೆ ಎದ್ದವು? ಯುದ್ಧದ ಹತ್ತು ವರ್ಷಗಳಲ್ಲಿ ಹಳ್ಳಿಗಳಲ್ಲಿ ಒಂದು ಕಡೆ ಬಂಡುಕೋರರ, ಇನ್ನೊಂದು ಕಡೆ ಸೈನಿಕರ ಭಯಕ್ಕೆ ಸಿಕ್ಕಿದ ಜನ ಮಕ್ಕಳುಮರಿಗಳೊಡನೆ ಕಣಿವೆಗೆ ಇಳಿದು ಬಂದರು. ಅವರಿಗೆ ತಲೆಯ ಮೇಲೆ ಸೂರು ಬೇಕಿತ್ತು. ನನ್ನ ಕಣ್ಣಿಗೆ ಹಬ್ಬವಾಗಿದ್ದ ಗದ್ದೆಯನ್ನು ಉಳಿಸಲೆಂದು ಅವರು ಬೆಟ್ಟದ ಮೇಲೆಯೇ ಗುಂಡಿಗೆ ಎದೆಯೊಡ್ಡಬೇಕಿತ್ತೆ? 2008-09ರ ಚಳಿಗಾಲದಲ್ಲಿ ಈ ನಗರ ದಿನಕ್ಕೆ 16 ಗಂಟೆ ಕತ್ತಲಲ್ಲಿತ್ತು. ಈಗ ವಿದ್ಯುತ್ ಕಡಿತದ ಆ ವೇಳಾಪಟ್ಟಿಗಳೇ ಇಲ್ಲ. ಮಳೆಗಾಲದ ಹೆಚ್ಚುವರಿ ವಿದ್ಯುತ್ತನ್ನು 2021ರಿಂದ ಭಾರತಕ್ಕೂ, 2024ರ ನವೆಂಬರಿನಲ್ಲಿ ಮೊದಲ ಬಾರಿಗೆ ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೂ ನೇಪಾಳ ಮಾರಿದೆ. 1991ರಲ್ಲಿ ಶೇಕಡಾ 40ನ್ನೂ ಮುಟ್ಟದಿದ್ದ ಸಾಕ್ಷರತೆ 2021ರ ಗಣತಿಯಲ್ಲಿ ಶೇಕಡಾ 76ನ್ನು ದಾಟಿದೆ. ಭೂಕಂಪದಲ್ಲಿ ನೆಲಕ್ಕುರುಳಿದ್ದ ಕಾಷ್ಠಮಂಡಪವನ್ನು ಸ್ಥಳೀಯ ಜನ ಮುಂದೆ ನಿಂತು, ಹಳೆಯ ಕ್ರಮದಲ್ಲಿಯೇ, ಮರ ಇಟ್ಟಿಗೆಗಳಿಂದ ಮತ್ತೆ ಕಟ್ಟಿದ್ದಾರೆ. ಪಾಟನ್ನಿನ ದರ್ಬಾರ್ ಚೌಕದಲ್ಲಿ ಬಿದ್ದ ದೇವಾಲಯಗಳು ಮತ್ತೆ ಎದ್ದು ನಿಂತಿವೆ. ಮರದ ಕೆತ್ತನೆಯ ಕುಲಕಸುಬು ಅಲ್ಲಿ ಇನ್ನೂ ಉಳಿದಿರುವುದರಿಂದಲೇ ಅದು ಸಾಧ್ಯವಾಯಿತು. ನೋಡಲು ಬಂದವನು ತನ್ನ ಕಣ್ಣಿನ ಸೌಖ್ಯದಿಂದ ದೇಶವನ್ನು ಅಳೆಯುತ್ತಾನೆ. ಬಾಳುವವನಿಗೆ ಬೇಕಾದ ಅಳತೆಗೋಲು ಬೇರೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆ ಸ್ಥಳದ ದೂರಕ್ಕೆ ಅನ್ವಯಿಸುವಂತೆ ಕಾಲದ ದೂರಕ್ಕೂ ಅನ್ವಯಿಸುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಜನರ ದನಿಯಲ್ಲಾಗಿದೆ. ಅಂದು ದನಿ ತಗ್ಗಿಸಿ ಹಾದುಹೋಗುತ್ತಿದ್ದ ನಾರಾಯಣಹಿತಿ ಇಂದು ವಸ್ತುಸಂಗ್ರಹಾಲಯ. ಟಿಕೆಟು ಕೊಂಡ ಶಾಲಾಮಕ್ಕಳು ಗದ್ದಲ ಮಾಡುತ್ತ ಸಿಂಹಾಸನದ ಕೋಣೆಯನ್ನು ನೋಡಿ ಬರುತ್ತಾರೆ. ನೇಪಾಳಭಾಷೆಯ ಚರಿತ್ರೆಯಂತೂ ನಾವು ಓದಿಕೊಳ್ಳಬೇಕಾದದ್ದು. ಪ್ರಜಾಪ್ರಭುತ್ವ ಬಂದ ಮೇಲೂ, ಕಾಠ್ಮಂಡು ನಗರಪಾಲಿಕೆ ಆ ಭಾಷೆಯನ್ನು ಕಚೇರಿಯಲ್ಲಿ ಬಳಸತೊಡಗಿದಾಗ, 1999ರ ಜೂನ್ 1ರಂದು ಸರ್ವೋಚ್ಚ ನ್ಯಾಯಾಲಯ ಅದು ಕೂಡದೆಂದು ತೀರ್ಪಿತ್ತಿತ್ತು. 2015ರ ಸಂವಿಧಾನ, ದೇಶದಲ್ಲಿ ಮಾತೃಭಾಷೆಯಾಗಿ ಆಡುವ ಎಲ್ಲ ಭಾಷೆಗಳೂ ರಾಷ್ಟ್ರಭಾಷೆಗಳೇ ಎಂದು ಸಾರಿತು. 2021ರ ಗಣತಿ ಅಂಥ 124 ಭಾಷೆಗಳನ್ನು ಲೆಕ್ಕಹಾಕಿತು. ಮಾಸ್ತರರು ಕಲಿಸಲಾಗದೆ ಹೋದ ಭಾಷೆಯ ಪಠ್ಯಪುಸ್ತಕ ಇಂದು ನಗರದ ಶಾಲೆಗಳನ್ನು ತಲುಪಿದೆ. ಅದನ್ನು ನೋಡಲು ಮಾಸ್ತರರು ಇಲ್ಲ.

ಸ್ಥಳೀಯ ಆಡಳಿತದ ವಿಷಯವನ್ನೂ ಹೇಳಬೇಕು. 2017ರಲ್ಲಿ 753 ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆಗಳು ನಡೆದಾಗ, ಪ್ರತಿ ವಾರ್ಡಿನಲ್ಲಿಯೂ ಇಬ್ಬರು ಮಹಿಳೆಯರು, ಅವರಲ್ಲೊಬ್ಬರು ದಲಿತರು ಇರಬೇಕೆಂಬ ನಿಯಮದಿಂದಾಗಿ 6,000ಕ್ಕೂ ಹೆಚ್ಚು ದಲಿತ ಮಹಿಳೆಯರು ಆಯ್ಕೆಯಾಗಿ ಬಂದರು. 1987ರಲ್ಲಿ ನಮ್ಮ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಮಹಿಳೆಯರಿಗೆ ಶೇಕಡಾ 25 ಸ್ಥಾನ ಕಾದಿರಿಸಿ ಚುನಾವಣೆ ನಡೆದಾಗ, ಓದುಬರಹವಿಲ್ಲದ ಹೆಂಗಸರು ಆಡಳಿತ ಮಾಡಿಯಾರೆ ಎಂದು ನಕ್ಕವರಿದ್ದರು. ಆ ಪ್ರಯೋಗದ ಹಿಂದೆ ನಿಂತಿದ್ದ ಅಬ್ದುಲ್ ನಜೀರ್ ಸಾಬರನ್ನು ಕನ್ನಡಿಗರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ನೇಪಾಳದ ಬೆಟ್ಟದ ವಾರ್ಡಿನಲ್ಲಿ ಕುರ್ಚಿಯ ಮೇಲೆ ಕುಳಿತ ದಲಿತ ಹೆಣ್ಣುಮಗಳನ್ನು ಕಂಡಾಗ, ಗದ್ದೆಗಳು ಹೋದವೆಂಬ ನಮ್ಮ ಕೊರಗು ಎಷ್ಟು ಚಿಕ್ಕದೆಂದು ತಿಳಿಯುತ್ತದೆ.

ಹಾಗೆಂದು ಬಂದ ದನಿಯೆಲ್ಲ ಬೆಳಕನ್ನೇ ತಂದಿತೆಂದು ಹೇಳಲಾಗದು. ರಾಜಪ್ರಭುತ್ವ ಹೋದ ಮೇಲೆ ಕೆಲವೇ ನಾಯಕರು ಸರದಿಯಂತೆ ಪ್ರಧಾನಿಗಳಾಗುತ್ತ ಜನರ ಸಹನೆಯನ್ನು ಸವೆಸಿದರು. 2025ರ ಸೆಪ್ಟೆಂಬರಿನಲ್ಲಿ ಸರಕಾರ ಸಾಮಾಜಿಕ ಜಾಲತಾಣಗಳನ್ನು ಮುಚ್ಚಿಸಿದಾಗ ಯುವಜನ ಬೀದಿಗಿಳಿದರು. 8ರಂದು ಗೋಲಿಬಾರಿನಲ್ಲಿ ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಕೆ. ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಅದೇ ದಿನ ಸಂಸತ್ ಭವನ, ಸರ್ವೋಚ್ಚ ನ್ಯಾಯಾಲಯ, ಸಿಂಹ ದರ್ಬಾರ್ ಬೆಂಕಿಗೆ ಆಹುತಿಯಾದವು. ಒಟ್ಟು 70ಕ್ಕೂ ಹೆಚ್ಚು ಜೀವಗಳು ಹೋದವು. 12ರಂದು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿಯವರು ಮಧ್ಯಂತರ ಸರಕಾರದ ಮುಖ್ಯಸ್ಥೆಯಾಗಿ, ನೇಪಾಳದ ಮೊದಲ ಮಹಿಳಾ ಪ್ರಧಾನಿಯಾದರು. ನಾನು ಹೋದಾಗ ಸಿಂಹ ದರ್ಬಾರಿನ ಗೋಡೆಗಳ ಮೇಲೆ ಮಸಿ ಹಾಗೆಯೇ ಇತ್ತು. ಮಕ್ಕಳ ಮೇಲೆ ಗುಂಡು ಹಾರಿಸಿದ್ದು ಅಕ್ಷಮ್ಯ. ನ್ಯಾಯಾಲಯದ ಕಡತಗಳನ್ನು ಸುಟ್ಟದ್ದೂ ಸಮರ್ಥನೀಯವಲ್ಲ, ಬಡವನ ಜಮೀನಿನ ವ್ಯಾಜ್ಯದ ಕಾಗದವೂ ಅದರಲ್ಲಿ ಉರಿದುಹೋಗಿರುತ್ತದೆ. ಆದರೂ ಇದನ್ನೆಲ್ಲ ನೋಡಿ ‘ರಾಜನ ಕಾಲವೇ ವಾಸಿಯಿತ್ತು’ ಎಂದು ನಮ್ಮಲ್ಲಿ ಕೆಲವರು ಸುಲಭವಾಗಿ ಹೇಳುವ ಮಾತನ್ನು ನಾನು ಒಪ್ಪಲಾರೆ. ಅಂದಿನ ನಿಶ್ಶಬ್ದದಲ್ಲಿ ಬಾಳದವರಿಗೆ ಅದರ ಮೇಲೆ ಮೋಹ ಬೆಳೆಸಿಕೊಳ್ಳುವುದು ಸುಲಭ.

ಹಾಗಾದರೆ ನಿಜವಾದ ನಷ್ಟ ಯಾವುದು? ಮಾಸ್ತರರ ಮನೆಯಲ್ಲಿಯೇ ಅದು ಕಾಣುತ್ತದೆ. ಅಂದು ಮೂರು ತಲೆಮಾರು ಒಟ್ಟಿಗಿದ್ದ ಆ ಮನೆಯಲ್ಲಿ ಇಂದು ಮಾಸ್ತರರ ಪತ್ನಿ, ಹಿರಿಯ ಮಗ, ಸೊಸೆ, ಒಬ್ಬ ಮೊಮ್ಮಗಳು ಇದ್ದಾರೆ. ಕಿರಿಯ ಮಗ ಕತಾರಿನಲ್ಲಿ, ಮೊಮ್ಮಗ ಆಸ್ಟ್ರೇಲಿಯಾದಲ್ಲಿ. ಇಪ್ಪತ್ತೆರಡರ ಮೊಮ್ಮಗಳು ಸೆಪ್ಟೆಂಬರ್ 8ರ ಬೆಳಗ್ಗೆ ಗೆಳತಿಯರೊಡನೆ ಮೈತಿಘರಿನ ಮೆರವಣಿಗೆಗೆ ಹೋಗಿದ್ದಳು. ಗುಂಡಿನ ಸದ್ದು ಕೇಳಿ, ಗಲ್ಲಿಗಳಲ್ಲಿ ಸುತ್ತಿ ಸಂಜೆ ಮನೆ ಸೇರಿದಳಂತೆ. ಈಗ ಅವಳು ಜಪಾನಿ ಭಾಷೆಯ ತರಗತಿಗೆ ಹೋಗುತ್ತಿದ್ದಾಳೆ. ದೇಶಕ್ಕಾಗಿ ಇಷ್ಟು ಮಾಡಿದವಳು ದೇಶ ಬಿಟ್ಟು ಹೋಗುವೆಯಾ ಎಂದು ನಾನು ಕೇಳಿದೆ. ‘ಅಂಕಲ್, ಎರಡೂ ಒಂದೇ ಕಾರಣಕ್ಕೆ’ ಎಂದಳು. ಅವಳಜ್ಜಿ ಅವಳ ಮುಖ ನೋಡಲಿಲ್ಲ.

ಆ ಮನೆಯ ಕಥೆ ದೇಶದ ಕಥೆಯೂ ಹೌದು. 2021ರ ಗಣತಿಯಲ್ಲಿ 2.92 ಕೋಟಿ ಜನರಿರುವ ದೇಶದಿಂದ ಸುಮಾರು 21.9 ಲಕ್ಷ ಜನ ಹೊರದೇಶಗಳಲ್ಲಿದ್ದಾರೆಂದು ದಾಖಲಾಯಿತು. ಹೊರಗೆ ದುಡಿಯುವವರು ಕಳುಹಿಸುವ ಹಣ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲುಭಾಗಕ್ಕೆ ಸಮ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಅನುಮತಿ ಪತ್ರ ಪಡೆದಿದ್ದಾರೆ. ಬೆಟ್ಟದ ಹಳ್ಳಿಗಳಲ್ಲಿ ಮೆಟ್ಟಿಲು ಹೊಲಗಳು ಬೀಳುಬಿದ್ದಿವೆ. ಹೆಣ ಹೊರಲು ನಾಲ್ಕು ಗಂಡಾಳು ಸಿಗದ ಊರುಗಳಿವೆ ಎಂದು ಅಲ್ಲಿಯವರೇ ಹೇಳುತ್ತಾರೆ. ಕಾಠ್ಮಂಡು ವಿಮಾನ ನಿಲ್ದಾಣದಲ್ಲಿ ಒಂದು ಬಾಗಿಲಲ್ಲಿ ಹಣೆಗೆ ತಿಲಕ, ಕೊರಳಿಗೆ ಹಳದಿ ವಸ್ತ್ರ ಹಾಕಿಸಿಕೊಂಡ ಹುಡುಗರು ಸಾಲುಗಟ್ಟಿ ಕೊಲ್ಲಿ ದೇಶಗಳಿಗೂ ಮಲೇಷ್ಯಕ್ಕೂ ಹೊರಡುತ್ತಾರೆ. ಇನ್ನೊಂದು ಬಾಗಿಲಿಗೆ ಆ ದೇಶಗಳಿಂದ ಶವಪೆಟ್ಟಿಗೆಗಳು ಬರುತ್ತವೆ. ಭಾಷೆಗೆ ಹಕ್ಕು ಸಿಕ್ಕಿತು, ಆಡಬೇಕಾದ ಮಕ್ಕಳು ಹೊರಟರು. ವಾರ್ಡಿಗೆ ಅಧಿಕಾರ ಬಂತು, ವಾರ್ಡಿನಲ್ಲಿ ಮುದುಕರು ಉಳಿದರು. ನೇಪಾಳದ ಇಂದಿನ ದುಃಖ ಇದು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಮರಳಿ ಬಂದು ನೋಡುವವನು ಗದ್ದೆ, ಹೆಂಚು, ನಿಶ್ಶಬ್ದ ಇವುಗಳಿಗಾಗಿ ಮರುಗುತ್ತಾನೆ. ಬಿಟ್ಟುಹೋದವರ ಖಾಲಿ ಜಾಗ ಅವನ ಕಣ್ಣಿಗೆ ಬೀಳುವುದಿಲ್ಲ. ಬೀಳದಿರಲು ಕಾರಣವೂ ಸ್ಪಷ್ಟ. ಹೊರಟುಹೋಗುವಿಕೆಯೇ ಅವನ ಸ್ವಂತ ಜೀವನಕ್ರಮ. ಹೊರನಾಡಿಗರಾದ ನಮಗೆ ನಮ್ಮ ಊರುಗಳ ವಿಷಯದಲ್ಲೂ ಇದು ಸಲ್ಲುತ್ತದೆ. ಊರಿನ ಕೆರೆ ಮುಚ್ಚಿದರೆಂದು ನಾವು ದೂರುತ್ತೇವೆ. ಆ ಕೆರೆಯ ಹೂಳೆತ್ತಬೇಕಾಗಿದ್ದ ತೋಳುಗಳಲ್ಲಿ ನಮ್ಮವೂ ಸೇರಿದ್ದವೆಂಬುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ದೋಷಾರೋಪಣೆಯಾಗಿ ಹೇಳುತ್ತಿಲ್ಲ. ಹೊಟ್ಟೆಪಾಡು ಯಾರನ್ನೂ ಬಿಟ್ಟದ್ದಲ್ಲ. ಆದರೆ ಹೊರಟವನ ಹಾಗೂ ಉಳಿದವನ ಕಷ್ಟಗಳೆರಡನ್ನೂ ಬಲ್ಲವರು ನಾವಾದುದರಿಂದ, ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಹೊಣೆ ನಮ್ಮ ಮೇಲಿದೆ.

ಆ ಹೊಣೆಯನ್ನು ನಾವು ಹೇಗೆ ನಿರ್ವಹಿಸುತ್ತಿದ್ದೇವೆ? ನಮ್ಮ ಸಂಘಗಳ ವೇದಿಕೆಗಳಲ್ಲಿ ನೇಪಾಳದ ಹೆಸರು ಬರುವುದು ಎರಡೇ ಸಂದರ್ಭಗಳಲ್ಲಿ. ಒಂದು, ಸಿಮ್ರೌನಗಢದ ವಿಷಯ. 1097ರಲ್ಲಿ ಕರ್ಣಾಟ ವಂಶದ ನಾನ್ಯದೇವ ಇಂದು ನೇಪಾಳದ ಬಾರಾ ಜಿಲ್ಲೆಗೆ ಸೇರಿರುವ ಆ ಊರನ್ನು ರಾಜಧಾನಿಯಾಗಿ ಮಾಡಿಕೊಂಡು ಮಿಥಿಲೆಯನ್ನಾಳಿದ. ಹದಿನಾಲ್ಕನೆಯ ಶತಮಾನದಲ್ಲಿ ಘಿಯಾಸುದ್ದೀನ್ ತುಘಲಕನ ದಾಳಿಯಿಂದ ರಾಜ್ಯ ಬಿದ್ದಾಗ ಆ ಮನೆತನದವರು ಬೆಟ್ಟ ಹತ್ತಿ ಭಕ್ತಪುರದಲ್ಲಿ ಆಶ್ರಯ ಪಡೆದರೆಂದು ಇತಿಹಾಸಕಾರರು ಹೇಳುತ್ತಾರೆ. ಇನ್ನೊಂದು, ಪಶುಪತಿನಾಥ ದೇವಾಲಯದ ಅರ್ಚಕರು ಪರಂಪರೆಯಿಂದ ನಮ್ಮ ಕಡೆಯ ಭಟ್ಟರೆಂಬುದು. ಆ ಮಂದಿರದಲ್ಲಿ ಕನ್ನಡ ಕಿವಿಗೆ ಬಿದ್ದಾಗ ನನಗೂ ಸಂತೋಷವಾಗುತ್ತಿತ್ತು. 2008ರ ಕೊನೆಯಲ್ಲಿ ಅಂದಿನ ಸರಕಾರ ನೇಪಾಳಿ ಅರ್ಚಕರನ್ನು ನೇಮಿಸಹೊರಟು ವಿವಾದವೆದ್ದು ಹಿಂದೆ ಸರಿಯಿತು; 2009ರಲ್ಲಿ ಕರ್ನಾಟಕದಿಂದ ಹೊಸದಾಗಿ ಹೋದ ಇಬ್ಬರು ಭಟ್ಟರ ಮೇಲೆ ಹಲ್ಲೆಯಾಯಿತು. ಹಲ್ಲೆ ಖಂಡನೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪರಂಪರೆ ಮುಂದುವರಿಯಬೇಕೆ ಎಂಬುದನ್ನು ತೀರ್ಮಾನಿಸಬೇಕಾದವರು ಅಲ್ಲಿಯ ಜನ ಮತ್ತು ಅಲ್ಲಿಯ ಕಾನೂನು. ದೂರದಲ್ಲಿ ಕುಳಿತ ನಮ್ಮ ಅಭಿಮಾನ ಅದರಲ್ಲಿ ಕೈಹಾಕಬಾರದು.

900 ವರ್ಷಗಳ ಹಿಂದೆ ಕನ್ನಡ ನೆಲದಿಂದ ಹೋಗಿ ನೇಪಾಳದ ತರಾಯಿಯಲ್ಲಿ ನೆಲೆನಿಂತವನ ಹೆಸರು ನಮಗೆ ಬಾಯಿಪಾಠ. ನೇಪಾಳದಿಂದ ಬಂದು ನಮ್ಮ ಮನೆಯ ಗೇಟು ಕಾಯುವವನ ಹೆಸರು? ದೆಹಲಿ, ಮುಂಬಯಿ, ಪುಣೆ, ಬೆಂಗಳೂರುಗಳ ವಸತಿ ಸಮುಚ್ಚಯಗಳಲ್ಲಿ ಅವನ ಹೆಸರು ಏನೇ ಇರಲಿ, ಕರೆಯುವುದು ‘ಬಹಾದ್ದೂರ್’ ಎಂದು. 1950ರ ಒಪ್ಪಂದದ ಪ್ರಕಾರ ಅವನು ಇಲ್ಲಿ ಇರಲು, ದುಡಿಯಲು ಹಕ್ಕುಳ್ಳವನು. ಅವನ ಮಾತೃಭಾಷೆಯಾಗಿರಬಹುದಾದ ನೇಪಾಳಿ 1992ರಿಂದ, ಕೊಂಕಣಿಯ ಜೊತೆಗೇ, ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿದೆ. ಹೀಗಿದ್ದೂ ನಾವು ಅವನನ್ನು ಊರಿಲ್ಲದವನಂತೆ, ಕುಟುಂಬವಿಲ್ಲದವನಂತೆ ನಡೆಸಿಕೊಳ್ಳುತ್ತೇವೆ.

ನಮ್ಮ ಹಿಂದಿನವರ ಚರಿತ್ರೆಯನ್ನು ನೆನೆದರೆ ಇದು ಇನ್ನೂ ಸಲ್ಲದ ನಡತೆ. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡರ ವಯಸ್ಸಿಗೆ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲಿಯೇ ಮೇಜುಗಳ ಮೇಲೆ ಮಲಗಿದ ಹುಡುಗರ ಬೆವರಿನ ಮೇಲೆ ನಮ್ಮ ಎಷ್ಟೋ ಸಂಸ್ಥೆಗಳು ನಿಂತಿವೆ. ಆ ಹುಡುಗರಿಗೂ ಗಿರಾಕಿಗಳು ಹೆಸರು ಕೇಳುತ್ತಿರಲಿಲ್ಲ. ಅವರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಅಲ್ಲಿ ಕಲಿತವರು ಮುಂದೆ ವಕೀಲರಾದರು, ಉದ್ಯಮಿಗಳಾದರು, ಬರಹಗಾರರಾದರು. ಹೊರನಾಡ ಕನ್ನಡಿಗರ ಸಾಧನೆಗಳ ಪಟ್ಟಿಯಲ್ಲಿ ಆ ರಾತ್ರಿ ಶಾಲೆಗಳನ್ನು ನಾನು ಮೊದಲನೆಯ ಸಾಲಿನಲ್ಲಿ ಇಡುತ್ತೇನೆ.

ಇಂದು ಅದೇ ಹೋಟೆಲುಗಳ ಅಡಿಗೆಮನೆಗಳಲ್ಲಿ ದೋಸೆ ಹುಯ್ಯುವ, ಲೋಟ ತೊಳೆಯುವ ಹುಡುಗರಲ್ಲಿ ನೇಪಾಳದ ಬೆಟ್ಟಗಳಿಂದ ಬಂದವರು ಅನೇಕರು. ನಮ್ಮ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ. ವಾರದ ಬಹುತೇಕ ಸಂಜೆಗಳಲ್ಲಿ ಅವು ಬೀಗ ಹಾಕಿಕೊಂಡಿರುತ್ತವೆ. ನಿವೃತ್ತ ಶಿಕ್ಷಕರೂ ಬ್ಯಾಂಕು ನೌಕರರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವಾರಕ್ಕೆ ಎರಡು ಸಂಜೆ ಈ ಹುಡುಗರಿಗೆ ಓದುಬರಹ, ಲೆಕ್ಕ, ಬ್ಯಾಂಕಿನಲ್ಲಿ ಹಣ ತುಂಬಿ ಊರಿಗೆ ಕಳುಹಿಸುವ ಕ್ರಮ, ಕೂಲಿಯ ಕಾನೂನು ಇಷ್ಟನ್ನು ಹೇಳಿಕೊಡುವುದು ಯಾವ ಸಂಘಕ್ಕೂ ಅಸಾಧ್ಯವಲ್ಲ. ಕನ್ನಡದ ಹಣವನ್ನು ಪರಭಾಷಿಕರಿಗೆ ಏಕೆ ವ್ಯಯಿಸಬೇಕೆಂದು ಕೇಳುವವರು ಇದ್ದಾರೆಂಬುದನ್ನು ಬಲ್ಲೆ. ಅವರಿಗೆ ನನ್ನ ಉತ್ತರವಿಷ್ಟೆ: ಪರಭಾಷೆಯ ನಾಡುಗಳು ತಮ್ಮ ನೆಲವನ್ನೂ ನೀರನ್ನೂ ನಮಗೆ ಕೊಟ್ಟಾಗ ಆ ಪ್ರಶ್ನೆಯನ್ನು ಕೇಳಿದ್ದರೆ ನಮ್ಮ ಸಂಘಗಳೇ ಇರುತ್ತಿರಲಿಲ್ಲ.

ಒಂದು ದೇಶ ಬದಲಾಗುವುದು ಅಲ್ಲಿ ಬಾಳುವವರ ಹಕ್ಕು. ಹೊರಗಿನಿಂದ ಹೋಗಿ ನೋಡುವವನು ಅದಕ್ಕೆ ಅಪ್ಪಣೆ ಕೊಡಬೇಕಾಗಿಲ್ಲ. ಆದರೆ ಆ ದೇಶವನ್ನು ಬಿಟ್ಟುಬಂದವನು ನಮ್ಮ ಬಾಗಿಲಲ್ಲಿಯೇ ನಿಂತಿರುವಾಗ, ಅವನ ನಿಜವಾದ ಹೆಸರನ್ನು ಕೇಳಿ ತಿಳಿದು, ಆ ಹೆಸರಿನಿಂದಲೇ ಕರೆಯುವುದು ನಮ್ಮ ಕೈಯಲ್ಲಿದೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ಸಂಜೆ ತರಗತಿಗಳ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ.